ಹೂಂ ಅನ್ನದೆ ಕೇಳುವ ಪರೀಕ್ಷೆ

ಕೇಳುವುದು ಕಲಿತು ಮಾಡಬೇಕಾದ ಕೆಲಸ ಎಂದು ನನಗೆ ಐವತ್ತರ ಹತ್ತಿರ ಬರುವವರೆಗೂ ಯಾರೂ ಹೇಳಿರಲಿಲ್ಲ. ಓದುವುದನ್ನು ಕಲಿತೆ, ಬರೆಯುವುದನ್ನು ಕಲಿತೆ, ಮೊಣಕಾಲು ತರಚಿಕೊಂಡು ಸೈಕಲ್ಲು ಕಲಿತೆ, ಮದುವೆಯಾದ ಮೇಲೆ ಸುಮ್ಮನಿರುವುದನ್ನೂ ಕಲಿತೆ. ಕೇಳುವುದಕ್ಕೆ ಮಾತ್ರ ದೇವರು ಎರಡು ಕಿವಿ ಕೊಟ್ಟು ಕಳಿಸಿದ್ದಾನೆ, ಅದಕ್ಕೆ ಬೇರೆ ಟ್ಯೂಷನ್ ಬೇಕಿಲ್ಲ ಎಂದುಕೊಂಡಿದ್ದೆ. ಅದರಲ್ಲೂ ನಾನು ಇಂಗ್ಲಿಷ್ ಮೇಷ್ಟ್ರು. ದೇವಸಮುದ್ರದ ಕಡೆಯ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಾನು ಹೇಳುತ್ತೇನೆ, ಮಕ್ಕಳು ಕೇಳುತ್ತಾರೆ. ಕೇಳುವ ಕಷ್ಟವೇನಿದ್ದರೂ ಅವರದು ಎಂಬ ನೆಮ್ಮದಿಯಲ್ಲಿ ಕಾಲ ಕಳೆಯುತ್ತಿದ್ದವನ ಕಿವಿಯನ್ನು ಒಂದು ಸುತ್ತೋಲೆ ಬಂದು ಹಿಂಡಿತು.

ಚಳ್ಳಕೆರೆಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೊಂದು ಶುರುವಾಗುತ್ತದೆ, ಅಲ್ಲಿಗೆ ತರಬೇತುದಾರರು ಬೇಕು, ಆಸಕ್ತರು ಇಂಗ್ಲಿಷಿನ ಉನ್ನತ ಮಟ್ಟದ ಆಲಿಸುವ ಮತ್ತು ಓದುವ ಪರೀಕ್ಷೆಯನ್ನು ಪಾಸು ಮಾಡಿರಬೇಕು ಎಂದು ಅದರಲ್ಲಿ ಬರೆದಿತ್ತು. ಆ ಕೇಂದ್ರದ ಕಟ್ಟಡ ನಮ್ಮ ಮನೆಗೆ ಎಷ್ಟು ಹತ್ತಿರವೆಂದರೆ, ಹಿತ್ತಲಲ್ಲಿ ನಿಂತರೆ ಅದರ ನೀರಿನ ಟ್ಯಾಂಕು ಕಾಣುತ್ತದೆ. ಈಗ ನನ್ನ ಪಾಡು ಬೇರೆ. ಬೆಳಿಗ್ಗೆ ಎದ್ದು ಚಳ್ಳಕೆರೆಯಲ್ಲಿ ಬಸ್ಸು ಹತ್ತಬೇಕು, ನಡುದಾರಿಯಲ್ಲಿ ಇಳಿಯಬೇಕು, ಬರುತ್ತದೋ ಇಲ್ಲವೋ ಎಂಬ ಇನ್ನೊಂದು ಬಸ್ಸಿಗೆ ಬೇವಿನ ಮರದ ಕೆಳಗೆ ಕಾಯಬೇಕು. ಸಂಜೆ ಇದೆಲ್ಲ ತಿರುಗುಮುರುಗು. ನನ್ನ ಸೊಂಟದ ಮೂಳೆಗಳಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ಪರಿಚಯ. ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಣ್ಣಬೇಕು ಎಂಬುದು ನನ್ನ ಬದುಕಿನ ದೊಡ್ಡ ಆಸೆ ಎಂದರೆ ನೀವು ನಗಬಹುದು, ಆದರೆ ಡಬ್ಬಿಯಲ್ಲಿ ಕಲ್ಲಾದ ಮುದ್ದೆಯನ್ನು ವರ್ಷಗಟ್ಟಲೆ ತಿಂದವರು ನಗುವುದಿಲ್ಲ. ಅರ್ಜಿ ಹಾಕಿಯೇಬಿಟ್ಟೆ.

ತಯಾರಿಯನ್ನು ಓದುವ ಭಾಗದಿಂದ ಶುರುಮಾಡಿದೆ. ಅಲ್ಲೇ ಮೊದಲ ಏಟು ಬಿತ್ತು. ಒಂದು ಪಾಠ ಕೊಟ್ಟು, ಕೆಳಗೆ ಕೆಲವು ಹೇಳಿಕೆ ಕೊಟ್ಟು, ನಿಜ, ಸುಳ್ಳು ಅಥವಾ ಹೇಳಿಲ್ಲ ಎಂದು ಗುರುತು ಮಾಡಬೇಕು. ಪಾಠವಿದ್ದುದು ಯಾವುದೋ ಚಳಿದೇಶದ ಕುರಿ ಕಾಯುವವರ ಬಗ್ಗೆ. ನನಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. ನಮ್ಮ ಮನೆತನವೇ ಕುರಿಯದು, ನಮ್ಮಪ್ಪ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಮಂದೆ ಮೇಯಿಸಿದವನು. ಮಂದೆ ರಾತ್ರಿ ಗುಡ್ಡದ ಮೇಲೆಯೇ ಇರುತ್ತಿತ್ತು ಎಂದು ಪಾಠದಲ್ಲಿತ್ತು. ಮಂದೆಯ ಜೊತೆ ನಾಯಿ ಇತ್ತು ಎಂದು ಹೇಳಿಕೆಯಲ್ಲಿತ್ತು. ನಿಜ ಎಂದು ಗುರುತು ಹಾಕಿದೆ. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿದರೆ, ಹೇಳಿಲ್ಲ. ನಾಯಿಯಿಲ್ಲದೆ ಮಂದೆಯನ್ನು ಗುಡ್ಡದ ಮೇಲೆ ಬಿಡುವ ಗಂಡಸು ಯಾವ ದೇಶದಲ್ಲಿದ್ದಾನೆ ಸ್ವಾಮಿ? ಹೇಳಿಲ್ಲ ಅಂದರೆ ಇಲ್ಲ ಅಂತಲೇ? ನಮ್ಮಲ್ಲಿ ಮನೆಗೆ ಬಂದ ನೆಂಟ ಊಟ ಬೇಡ ಎಂದರೆ ಎಲೆ ಹಾಕುತ್ತೇವೆ. ಹೇಳದೇ ಇದ್ದುದನ್ನು ಅರಿತು ನಡೆಯುವುದಕ್ಕೇ ತಿಳಿವಳಿಕೆ ಎನ್ನುತ್ತೇವೆ. ಈ ಪರೀಕ್ಷೆಯವರು ಅಷ್ಟನ್ನೂ ಬಾಗಿಲಾಚೆ ಬಿಟ್ಟು ಒಳಗೆ ಬಾ ಎನ್ನುತ್ತಾರೆ. ಅಂತೂ ಹಲ್ಲು ಕಚ್ಚಿ, ನನಗೆ ಏನೂ ಗೊತ್ತಿಲ್ಲ ಎಂದು ನಟಿಸುವುದನ್ನು ಅಭ್ಯಾಸ ಮಾಡಿಕೊಂಡೆ.

ಆಲಿಸುವ ಭಾಗ ಇದಕ್ಕಿಂತ ದೊಡ್ಡ ತಲೆನೋವು. ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಅದರಲ್ಲಿ ಮಾತಾಡುವವರಿಗೋ ಒಂದು ಮಾತಿನ ಮೇಲೆ ನಿಲ್ಲುವ ಬುದ್ಧಿಯೇ ಇಲ್ಲ. ಮಂಗಳವಾರ ಸಿಗೋಣ ಎನ್ನುತ್ತಾನೆ. ನಾನು ಮಂಗಳವಾರ ಎಂದು ಬರೆದು ತಲೆಯೆತ್ತುವಷ್ಟರಲ್ಲಿ, ಓ, ಮಂಗಳವಾರ ನನಗೆ ಕೆಲಸವಿದೆ, ಗುರುವಾರ ಬಾ ಎನ್ನುತ್ತಾನೆ. ಮನೆಯಿಂದ ಹೊರಡುವಾಗಲೇ ಯೋಚಿಸಿಕೊಂಡು ಬರಬಾರದೇ? ಇವರ ಚಂಚಲ ಬುದ್ಧಿಗೆ ಅಂಕ ನನ್ನದು ಹೋಗುತ್ತದೆ. ಅಭ್ಯಾಸದ ಪುಸ್ತಕದ ಪುಟಪುಟದಲ್ಲೂ ದಪ್ಪ ಅಕ್ಷರದಲ್ಲಿ ಒಂದೇ ಎಚ್ಚರಿಕೆ ಇತ್ತು: ಮಾತು ಪೂರ್ತಿ ಮುಗಿಯುವ ಮುನ್ನ ಉತ್ತರ ಕೊಡಬೇಡಿ. ಇದನ್ನು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮಕ್ಕಳಿಗೂ ಹೇಳಿ, ನನ್ನ ಮಟ್ಟಿಗೆ ದಿನವೂ ಮರೆಯುತ್ತಿದ್ದೆ.

ಮನೆಯಲ್ಲಿ ಲ್ಯಾಪ್‌ಟಾಪಿಗೆ ಸ್ಪೀಕರು ಹಚ್ಚಿ ನಡುಮನೆಯಲ್ಲಿ ಕೂರುತ್ತಿದ್ದೆ. ಎದುರಿಗೆ ಕಾಲು ಚಾಚಿ ಶೇಂಗಾ ಸುಲಿಯುತ್ತ ಅವ್ವ. ಒಂದು ಭಾನುವಾರ ಯಾವನೋ ವಿದ್ವಾಂಸ ಕಡಲ ಹಕ್ಕಿಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ನಡುವೆ ಎಲ್ಲಿಂದಲೋ ಹೂಂ ಎಂಬ ಸದ್ದು ಬಂತು. ವಿದ್ವಾಂಸ ಉಸಿರು ತೆಗೆದುಕೊಂಡಾಗಲೆಲ್ಲ ಹೂಂ, ಹೂಂ. ನೋಡಿದರೆ ಅವ್ವ.

“ಅವ್ವಾ, ನಿಂಗೆ ಇಂಗ್ಲೀಷು ಬರುತ್ತಾ?”

“ನಂಗ್ಯಾಕೆ ಬರ್ತೈತಪ್ಪಾ.”

“ಮತ್ತೆ ಹೂಂ ಅಂತೀಯಲ್ಲ.”

“ಪಾಪ, ಆಗ್ಲಿಂದ ಒಬ್ಬನೇ ಮಾತಾಡ್ತಾ ಐದಾನೆ. ನೀನು ನೋಡಿದ್ರೆ ಬಾಯಿ ಬಿಗಿದು ಕುಂತೀಯ. ಒಬ್ರಾದ್ರೂ ಹೂಂ ಅನ್ನದಿದ್ರೆ ಅವನಿಗೆ ಏನನ್ನಿಸಬ್ಯಾಡ.”

ಅವನು ಇಲ್ಲಿಲ್ಲ, ಇದು ಎಂದೋ ಮಾತಾಡಿಟ್ಟ ಮಾತು, ಅವನಿಗೆ ಏನೂ ಅನ್ನಿಸುವುದಿಲ್ಲ ಎಂದು ಎಷ್ಟು ಹೇಳಿದರೂ ಅವ್ವ ಒಪ್ಪಲಿಲ್ಲ. “ಇಲ್ಲದಿದ್ರೆ ಧ್ವನಿ ಹೆಂಗೆ ಬರ್ತೈತೆ” ಎಂದಳು. ಅಷ್ಟರಲ್ಲಿ ಹಕ್ಕಿಗಳು ಮೊಟ್ಟೆಯಿಟ್ಟು ಹಾರಿಹೋಗಿದ್ದವು, ಮೂರು ಪ್ರಶ್ನೆ ನನ್ನ ಕೈ ತಪ್ಪಿದ್ದವು. ನನಗೆ ಎಷ್ಟು ರೇಗಿತೆಂದರೆ, ಅಂದಿನಿಂದ ಮನೆಯಲ್ಲಿ ಸ್ಪೀಕರು ಹಚ್ಚುವುದೇ ಬೇಡ ಎಂದು ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ತಂದೆ. ಬಸ್ಸಿನಲ್ಲೂ ಕೇಳುತ್ತೇನೆ, ಅಲ್ಲಿ ನನಗೆ ಯಾರ ಕಾಟವೂ ಇರುವುದಿಲ್ಲ ಎಂದು ಅವ್ವನಿಗೂ ಹೆಂಡತಿಗೂ ಗಟ್ಟಿಯಾಗಿ ಹೇಳಿದೆ.

ಬಸ್ಸಿನಲ್ಲಿ ಸಿಕ್ಕವನು ನನ್ನಿವಾಳದ ಓಬಣ್ಣ. ನಮ್ಮಪ್ಪನ ಕಾಲದಿಂದ ಬಲ್ಲವನು, ಕುರಿ ಸಾಕುತ್ತಾನೆ. ಆಗ ಅವನ ಮಂದೆ ದೇವಸಮುದ್ರದ ಕಡೆಯ ಹೊಲಗಳಲ್ಲಿ ಬೀಡುಬಿಟ್ಟಿತ್ತು, ಹಾಗಾಗಿ ದಿನ ಬಿಟ್ಟು ದಿನ ನನ್ನ ಬಸ್ಸಿಗೇ ಬರುತ್ತಿದ್ದ. ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದ. ನಾನು ಕಿವಿಯತ್ತ ಬೆರಳು ತೋರಿಸಿ, ಪರೀಕ್ಷೆ ಎಂದು ಸನ್ನೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದೆ. ಒಬ್ಬ ಹೆಂಗಸು ಗ್ರಂಥಾಲಯದ ಸದಸ್ಯಳಾಗುವುದು ಹೇಗೆ ಎಂದು ವಿಚಾರಿಸುತ್ತಿದ್ದಳು. ಬಸ್ಸು ತಳಕು ಊರು ದಾಟುವಷ್ಟರಲ್ಲಿ ಅವಳ ವಿಳಾಸ, ಹುಟ್ಟಿದ ಊರು ಎಲ್ಲ ನನ್ನ ಬಾಯಿಪಾಠ. ಓಬಣ್ಣ ಇಳಿಯುವಾಗ ಬಹಳ ಸಂತೋಷದಿಂದ ನನ್ನ ತೊಡೆ ತಟ್ಟಿ ಇಳಿದ.

ಆ ಭಾನುವಾರ ಬೆಳಿಗ್ಗೆ ಮನೆ ಮುಂದೆ ಒಂದು ಲಗೇಜ್ ಆಟೊ ನಿಂತಿತು. ಅದರೊಳಗೆ ಓಬಣ್ಣ, ಅವನ ಪಕ್ಕದಲ್ಲಿ ಸುರುಳಿ ಕೊಂಬಿನ, ಕೆಂಪು ಕಣ್ಣಿನ ಒಂದು ಟಗರು.

“ಹಿತ್ತಲು ಎಲ್ಲೈತ್ರೀ ಮೇಷ್ಟ್ರೇ” ಎಂದ.

“ಯಾಕೋ ಓಬಣ್ಣ?”

“ಅವತ್ತು ಹೇಳಿದ್ನಲ್ರೀ. ಮಂದೇಲಿ ಎರಡು ಟಗರು ಗುದ್ದಾಡಿ ಗುದ್ದಾಡಿ ಸಾಯ್ತಾವೆ, ಒಂದನ್ನ ನಿಮ್ಮ ಹಿತ್ತಲಾಗೆ ಸ್ವಲ್ಪ ದಿನ ಕಟ್ಟಿಕೊಳ್ಲಾ ಅಂತ ಕೇಳಿದೆ. ಹೂಂ ಅಂದ್ರಿ.”

“ನಾನೆಲ್ಲಿ ಅಂದೆ?”

“ಒಂದ್ಸಲ ಅಲ್ರೀ, ಮ್ಯಾಲಿಂದ ಮ್ಯಾಲೆ ಅಂದ್ರಿ. ಮೇವು ನೀವೇ ಹಾಕ್ತೀರಾ ಅಂದೆ, ಅದ್ಕೂ ಹೂಂ ಅಂದ್ರಿ. ಎಂಥ ದೊಡ್ಡ ಮನಸು ಅಂತ ಬಸ್ಸಿನಾಗೆ ಎಲ್ರೂ ಮಾತಾಡಿದ್ರು.”

ನನ್ನ ಹೆಂಡತಿ ಸುಜಾತ ಮೊಳಕಾಲ್ಮೂರಿನವಳು. ಆ ಕಡೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಅವಳು ಬಾಗಿಲಲ್ಲಿ ನಿಂತು ಟಗರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಇಂಕ ಚಾಲು, ಸಾಕಿನ್ನು, ಈ ಮನೇಲಿ ಇದೊಂದು ಬಾಕಿ ಇತ್ತು ನೋಡ್ರಿ” ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬಂದು ನಿಜಸಂಗತಿಯನ್ನೂ ಹೇಳಿದಳು. “ಕಿವಿಗೆ ಅದನ್ನ ಸಿಗಿಸ್ಕೊಂಡಾಗಲೆಲ್ಲ ನೀವು ಹೂಂ ಹೂಂ ಅಂತಾನೇ ಇರ್ತೀರಿ. ಬಚ್ಚಲ ಮನೇವರೆಗೂ ಕೇಳುತ್ತೆ. ಅತ್ತೇನ ಬೈದ್ರಲ್ಲ, ಅವರಿಗಿಂತ ನಿಮ್ಮದೇ ಜೋರು.”

ನಾನು ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತೆ. ಅವಳು ಹೇಳಿದ್ದು ಸುಳ್ಳಲ್ಲ ಎಂದು ಕೂತ ಮೇಲೆ ಹೊಳೆಯಿತು. ನಮ್ಮ ಜನರಲ್ಲಿ ಹೂಂಗುಟ್ಟದೆ ಕತೆ ಮುಂದಕ್ಕೆ ಹೋಗುವುದಿಲ್ಲ. ದೇವರ ಕತೆಯೇ ಇರಲಿ, ಕಳೆದುಹೋದ ಕುರಿಯ ಕತೆಯೇ ಇರಲಿ, ಹೇಳುವವನೊಬ್ಬ ಇದ್ದರೆ ಹೂಂ ಅನ್ನುವವನೊಬ್ಬ ಇರಲೇಬೇಕು. ಚಿಕ್ಕಂದಿನಲ್ಲಿ ಅವ್ವ ಕತೆ ಹೇಳುವಾಗ ನಾನು ಹೂಂ ಅನ್ನುತ್ತಿದ್ದೆ. ನನ್ನ ಹೂಂ ನಿಂತಿತೆಂದರೆ ನಿದ್ದೆ ಹತ್ತಿತೆಂದು ತಿಳಿದು ಅವಳು ಕತೆ ನಿಲ್ಲಿಸಿ ಕಂಬಳಿ ಹೊದಿಸುತ್ತಿದ್ದಳು. ಹಾಗೆ ಬೆಳೆದವನಿಗೆ ಕಿವಿ ಒಂದು, ಬಾಯಿ ಒಂದು ಎಂದು ಬೇರೆ ಬೇರೆ ಇರುವುದಿಲ್ಲ. ಕಿವಿಗೆ ಮಾತು ಬಿದ್ದರೆ ಬಾಯಿ ತಾನಾಗಿ ರಸೀದಿ ಕೊಡುತ್ತದೆ. ಪರೀಕ್ಷೆಯ ನಿಯಮಗಳ ಹಾಳೆ ತೆಗೆದು ನೋಡಿದೆ. ಕೊಠಡಿಯಲ್ಲಿ ಯಾವುದೇ ಸದ್ದು ಮಾಡಿ ಇತರರಿಗೆ ತೊಂದರೆ ಕೊಟ್ಟರೆ ಹೊರಗೆ ಕಳಿಸಲಾಗುವುದು ಎಂದಿತ್ತು. ಹೊರಗೆ ಕಳಿಸಿದರೆ ಮತ್ತೆ ಆ ಬೇವಿನ ಮರವೇ ಗತಿ. ಇಂಗ್ಲಿಷಿಗಿಂತ ಮೊದಲು ಹೂಂ ಬಿಡಬೇಕಾಗಿ ಬಂತು.

ಬಿಡುವ ಕಷ್ಟ ಬೀಡಿ ಬಿಟ್ಟವರಿಗೆ ಗೊತ್ತು. ಮೊದಲು ಬಾಯಲ್ಲಿ ಲವಂಗ ಇಟ್ಟುಕೊಂಡೆ, ಹೂಂ ಲವಂಗದ ವಾಸನೆ ಹೊತ್ತು ಹೊರಗೆ ಬಂತು. ಕರವಸ್ತ್ರ ಕಚ್ಚಿಕೊಂಡೆ, ಹೂಂ ಮೂಗಿನಿಂದ ಬಂತು. ಬಾಯಿತುಂಬ ನೀರು ತುಂಬಿಕೊಂಡು ಕೂತರೆ ಹೇಗೆ ಎಂದು ಸುಜಾತ ಸೂಚಿಸಿದಳು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಹಿತ್ತಲಲ್ಲಿದ್ದ ಟಗರು ಹೊತ್ತುಗೊತ್ತಿಲ್ಲದೆ ನೀರಿನ ಡ್ರಮ್ಮಿಗೆ ಗುದ್ದುತ್ತಿತ್ತು. ಒಂದು ದಿನ ಅದು ಗುದ್ದಿದ ರಭಸಕ್ಕೆ ನಾನು ಬೆಚ್ಚಿ, ಬಾಯಲ್ಲಿದ್ದಷ್ಟೂ ನೀರು ಲ್ಯಾಪ್‌ಟಾಪಿನ ಮೇಲೆ ಹೋಯಿತು. ಅದನ್ನು ಬಿಸಿಲಿಗಿಟ್ಟು ಒಣಗಿಸುತ್ತ ಕೂತಾಗ ನನಗೆ ಬಂದ ಸಿಟ್ಟಿಗೆ ಇಂಗ್ಲಿಷರು, ಓಬಣ್ಣ, ಶಿಕ್ಷಣ ಇಲಾಖೆ, ಟಗರು ಎಲ್ಲರೂ ಸಮಾನರಾಗಿ ಕಂಡರು. ಕೊನೆಗೆ ದಾರಿ ತೋರಿಸಿದ್ದು ನನ್ನ ಕಾಲಿನ ಹೆಬ್ಬೆರಳು. ಹೂಂ ಬರುತ್ತದೆ ಅನ್ನಿಸಿದಾಗ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದೆ. ಮೆಲ್ಲಮೆಲ್ಲಗೆ ಹೂಂ ಬಾಯಿಯಿಂದ ಕಾಲಿಗೆ ಇಳಿಯಿತು. ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಹೊಸ ವ್ಯವಸ್ಥೆಯೂ ಆಗಿತ್ತು. ಅವ್ವ ಶೇಂಗಾದ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂರತೊಡಗಿದ್ದಳು.

ಪರೀಕ್ಷೆ ಇದ್ದುದು ಚಿತ್ರದುರ್ಗದಲ್ಲಿ. ಒಂದು ಕೋಣೆಯ ತುಂಬ ಕಂಪ್ಯೂಟರು, ಎಲ್ಲರ ತಲೆಗೂ ಹೆಡ್‌ಫೋನು. ನೋಡಿಕೊಳ್ಳಲು ಒಬ್ಬ ಚಿಕ್ಕ ವಯಸ್ಸಿನ ಮೇಡಂ. ನಾನು ಬೂಟು ಕಳಚಿ, ಕಾಲು ಬರಿದು ಮಾಡಿ, ಹೆಬ್ಬೆರಳನ್ನು ನೆಲಕ್ಕೆ ಊರಿ ಕೂತೆ. ಎಲ್ಲವೂ ಸುಸೂತ್ರವಾಗಿ ಸಾಗಿತ್ತು. ಕೊನೆಯ ಭಾಗದಲ್ಲಿ ಒಬ್ಬ ಮುದುಕ ತನ್ನ ಬಾಲ್ಯದ ಊರಿನ ಬಗ್ಗೆ ಹೇಳತೊಡಗಿದ. ಎಂಥ ಧ್ವನಿ ಅವನದು. ನಿಧಾನ, ಒಂದೊಂದು ಮಾತಿಗೂ ನಡುವೆ ಬಿಡುವು, ಆ ಬಿಡುವಿನಲ್ಲಿ ಯಾರೋ ಏನೋ ಹೇಳಲಿ ಎಂದು ಕಾದಂತೆ. ಅವನ ನಾಯಿ ಕಳೆದುಹೋದ ಜಾಗಕ್ಕೆ ಬಂದಾಗ ನನ್ನ ಕೈಯಲ್ಲಿ, ಕಾಲಲ್ಲಿ, ಯಾವುದರಲ್ಲೂ ತಡೆಯಲಾಗಲಿಲ್ಲ. ಹೂಂ ಅಂದೆ. ಎದೆಯಾಳದಿಂದ ಬಂದ ಹೂಂ. ಮೇಡಂ ಓಡಿಬಂದು ಭುಜ ಮುಟ್ಟಿದರು. ಕಿವಿ ಮುಚ್ಚಿದ್ದರಿಂದ ನನ್ನ ಧ್ವನಿ ನನಗೇ ತಿಳಿಯದೆ, “ಏನಿಲ್ಲ ಮೇಡಂ, ನಾಯಿ ಕಳೆದುಹೋಯ್ತು” ಎಂದು ಕೂಗಿದೆ. ಇಡೀ ಕೋಣೆ ನನ್ನತ್ತ ತಿರುಗಿತು. ಇನ್ನೊಮ್ಮೆ ಸದ್ದಾದರೆ ಎದ್ದು ಹೋಗಬೇಕಾಗುತ್ತದೆ ಸರ್ ಎಂದು ಅವರು ಕೈಮುಗಿಯುವವರ ಹಾಗೆ ಹೇಳಿದರು. ಆಮೇಲೆ ಹೆಬ್ಬೆರಳನ್ನು ಎಷ್ಟು ಒತ್ತಿದ್ದೆನೆಂದರೆ ವಾಪಸ್ಸು ಬರುವಾಗ ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರು ಕೈ ಕೊಡಬೇಕಾಯಿತು. ನಾಯಿ ಸಿಕ್ಕಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆದರೂ ಪಾಸಾದೆ. ಕೇಂದ್ರಕ್ಕೆ ನನ್ನ ಆಯ್ಕೆಯೂ ಆಯಿತು. ಹಿತ್ತಲಲ್ಲಿ ನಿಂತು ಆ ನೀರಿನ ಟ್ಯಾಂಕನ್ನು ಕಣ್ಣು ತುಂಬ ನೋಡಿದೆ. ಸುಜಾತ ಪಾಯಸ ಮಾಡಿದಳು. ಆದರೆ ಬಿಟ್ಟ ಹೂಂ ಮಾತ್ರ ವಾಪಸ್ಸು ಬರಲಿಲ್ಲ. ಅವ್ವ ಏನಾದರೂ ಹೇಳಿದರೆ ಪರೀಕ್ಷೆಯಲ್ಲಿ ಕೂತವನ ಹಾಗೆ ಬಾಯಿ ಮುಚ್ಚಿ, ನೇರ ನೋಡುತ್ತ, ಎಲ್ಲವನ್ನೂ ಗಮನವಿಟ್ಟು ಕೇಳುತ್ತಿದ್ದೆ. ನಿಜ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಅವಳ ಮಾತನ್ನು ಎಂದೂ ಕೇಳಿರಲಿಲ್ಲ. ಅವಳು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿ ಎದ್ದು ಹೋಗುತ್ತಿದ್ದಳು. ಒಂದು ದಿನ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಆ ಪರೀಕ್ಷೆ ಬರೆದ ಮ್ಯಾಲೆ ನಮ್ಮ ತಿಪ್ಪೇಸ್ವಾಮಿಗೆ ಕಿವಿ ಹೋಗೈತಮ್ಮ. ಪಾಪ, ಹೇಳಿಕೊಳ್ಳಲ್ಲ.”

ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಅವ್ವ ಮಣೆ ಹಾಕಿಕೊಂಡು ಟಗರಿನ ಮುಂದೆ ಕೂತಿದ್ದಳು. ಅಪ್ಪ ಒಂದು ಸಲ ಕಾವಲಿನಲ್ಲಿ ತೋಳ ಓಡಿಸಿದ ಕತೆ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತ ನಿದ್ದೆ ಹೋಗುತ್ತಿದ್ದ ಕತೆ ಅದು. ಅವಳು ಮಾತು ನಿಲ್ಲಿಸಿದಾಗಲೆಲ್ಲ ಟಗರು ಕತ್ತೆತ್ತಿ ಮ್ಯಾ ಎನ್ನುತ್ತಿತ್ತು. “ಹೂಂ ಮತ್ತೆ, ನಿಂಗೆ ತಿಳೀತೈತೆ” ಎಂದು ಅವಳು ಮುಂದುವರಿಸುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು. ಐವತ್ತರ ಗಂಡಸಿಗೆ ಟಗರಿನ ಮೇಲೆ ಹೊಟ್ಟೆಕಿಚ್ಚು ಎಂದರೆ ಹೇಳಲು ನಾಚಿಕೆ, ಆದರೂ ಉರಿದದ್ದು ನಿಜ. ಹೋಗಿ ಅವ್ವನ ಪಕ್ಕ ನೆಲದ ಮೇಲೆಯೇ ಕೂತೆ. ತೋಳ ಬಂದ ಜಾಗಕ್ಕೆ ಸರಿಯಾಗಿ, ಬಹಳ ಕಷ್ಟಪಟ್ಟು, ಹೂಂ ಅಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಕತೆಯನ್ನು ಮೊದಲಿನಿಂದ ಶುರುಮಾಡಿದಳು.

ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ಟರ ಫೋನು ಬರಬೇಕೇ. ಅವ್ವ ಫೋನಿಗೆಲ್ಲ ಕತೆ ನಿಲ್ಲಿಸುವವಳಲ್ಲ, ನನಗೂ ಅವಳಿಗೆ ನಿಲ್ಲಿಸು ಎನ್ನುವ ಧೈರ್ಯವಿರಲಿಲ್ಲ. ಫೋನನ್ನು ಒಂದು ಕಿವಿಗೆ ಹಿಡಿದು, ಇನ್ನೊಂದು ಕಿವಿಯನ್ನು ಅವ್ವನಿಗೆ ಕೊಟ್ಟು, ಬಹಳ ದಿನಗಳಿಂದ ಕೂಡಿಟ್ಟ ಹೂಂಗಳನ್ನೆಲ್ಲ ಧಾರಾಳವಾಗಿ ಖರ್ಚುಮಾಡಿದೆ. ಕತೆ ಮುಗಿದಾಗ ಅತ್ತ ಕಡೆಯಿಂದ, “ನಿಮ್ಮ ಉಪಕಾರ ಈ ಶಾಲೆ ಮರೆಯಲ್ಲ ಸಾರ್” ಎಂಬುದಷ್ಟೇ ಸ್ಪಷ್ಟವಾಗಿ ಕೇಳಿಸಿತು. ಮರುದಿನ ಹೋದಾಗ ವಿಷಯ ತಿಳಿಯಿತು. ನನ್ನ ಜಾಗಕ್ಕೆ ಬೇರೆ ಇಂಗ್ಲಿಷ್ ಮೇಷ್ಟ್ರು ಬರುವವರೆಗೆ ನಾನು ಅಲ್ಲೇ ಇರಲು ಒಪ್ಪಿದ್ದೇನೆ. ಮೊಳಕಾಲ್ಮೂರಿನ ಶಿಕ್ಷಣ ಕಚೇರಿಗೆ ಹೆಡ್‌ಮಾಸ್ಟರು ಅದನ್ನು ತಿಳಿಸಿಯೂ ಆಗಿತ್ತು, ಚಳ್ಳಕೆರೆಯ ಕೇಂದ್ರದವರು ಕಾಯುತ್ತೇವೆ ಎಂದದ್ದೂ ಆಗಿತ್ತು. ಹತ್ತನೇ ತರಗತಿಯ ಮಕ್ಕಳು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವ ಮಕ್ಕಳ ಮುಂದೆ, ನಾನು ಹೂಂ ಅಂದದ್ದು ತೋಳಕ್ಕೆ, ನಿಮಗಲ್ಲ ಎಂದು ಹೇಗೆ ಹೇಳುವುದು? ಹೊಸ ಮೇಷ್ಟ್ರು ಇನ್ನೂ ಬಂದಿಲ್ಲ.

ಹಾಗಾಗಿ ಮತ್ತೆ ಅದೇ ಬಸ್ಸು, ಅದೇ ಗುಂಡಿಗಳು, ಅದೇ ಮುದ್ದೆಯ ಡಬ್ಬಿ. ಮೊನ್ನೆ ಓಬಣ್ಣ ಪಕ್ಕಕ್ಕೆ ಬಂದು ಕೂತ. ಈ ಸಲ ನಾನು ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿ, ಅವನ ಕಡೆ ಪೂರ್ತಿ ತಿರುಗಿ ಕೂತೆ. ಉನ್ನತ ಮಟ್ಟದಲ್ಲಿ ಪಾಸಾದವನು ನಾನು, ಇನ್ನು ಮೋಸ ಹೋಗುವುದಿಲ್ಲ.

“ಮೇಷ್ಟ್ರೇ, ನಮ್ಮ ಮಂದೆ ಆಂಧ್ರದ ಕಡೆ ಹೊಂಟೈತೆ. ಟಗರು ಇನ್ನೂ ಸ್ವಲ್ಪ ದಿನ ನಿಮ್ಮ ಹಿತ್ತಲಾಗೇ ಇರ್ಲಾ” ಎಂದ.

ಹಿತ್ತಲಲ್ಲಿ ಮಣೆ ಹಾಕಿ ಕೂತ ಅವ್ವ ನೆನಪಾದಳು. ನಾನು ಬಸ್ಸಿನಲ್ಲಿರುವ ಹೊತ್ತೆಲ್ಲ ಅವಳ ಕತೆಗೆ ಹೂಂ ಅನ್ನಲು ಬೇರೆ ಯಾರಿದ್ದಾರೆ? ಪೂರ್ತಿ ತಿಳಿದು, ಮನಸಾರೆ, “ಹೂಂ” ಅಂದೆ.

“ಅದ್ರ ಜೊತೆ ಗುದ್ದಾಡ್ತಿತ್ತಲ್ಲ, ಆ ಇನ್ನೊಂದನ್ನೂ ತಂದು ಕಟ್ಲಾ ಅಂತ ಕೇಳಾಕೆ ಬಂದಿದ್ದೆ” ಎಂದು ಓಬಣ್ಣ ನನ್ನ ತೊಡೆ ತಟ್ಟಿದ. “ನಾನು ಹೇಳಿ ಮುಗಿಸೋಕೆ ಮೊದ್ಲೇ ಹೂಂ ಅಂದ್ಬಿಟ್ರಲ್ರೀ.”